ಇಂಗ್ಲೆಂಡಿನಲ್ಲಿ ಮೈಕ್ ಹಾಕೋ ಮುಂಚೆ: ನಮ್ಮ ಕಡೆಯವರಿಗೆ ಒಂದಿಷ್ಟು ಮಾಹಿತಿ

ಬಸವ ಜಯಂತಿ, ಗಣೇಶ ಹಬ್ಬ, ದೀಪಾವಳಿ ಹತ್ತಿರ ಬಂದವೆಂದರೆ ಇಂಗ್ಲೆಂಡಿನಿಂದ ನನಗೆ ಫೋನ್ ಬರೋಕೆ ಶುರುವಾಗುತ್ತದೆ. ಹೆಚ್ಚಿನವರು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗರು. ಕೇಳೋದು ಒಂದೇ: "ಅಣ್ಣಾ, ಮೈಕ್ ಹಾಕೋಕೆ ಪರ್ಮಿಷನ್ ಎಲ್ಲಿ ತಗೋಬೇಕು?" ಅಲ್ಲಿ ಕೆಲವು ವರ್ಷ ಇದ್ದು ಈಗ ಕಲಬುರಗಿಗೆ ವಾಪಸ್ ಬಂದಿದ್ದೇನೆ. ಒಬ್ಬೊಬ್ಬರಿಗೂ ಹೇಳೋ ಬದಲು ಬರೆದೇ ಬಿಡೋಣ ಅನ್ನಿಸಿತು.

ಊರಿನಲ್ಲಿ ಲೆಕ್ಕ ಸರಳ. ಠಾಣೆಗೆ ಅರ್ಜಿ, ಕೈಗೊಂದು ಕಾಗದ, ರಾತ್ರಿ 10ಕ್ಕೆ ಬಂದ್. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರವೂ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ 15 ದಿನದ ಒಳಗೆ 12ರ ತನಕ ಸಡಿಲ ಮಾಡಬಹುದು. ಇದೆಲ್ಲ ಎಷ್ಟರ ಮಟ್ಟಿಗೆ ನಡೆಯುತ್ತದೆ ಅನ್ನೋದು ಗಣೇಶ ವಿಸರ್ಜನೆಯ ದಿನ ಡಿಜೆ ಗಾಡಿಯ ಹಿಂದೆ ನಡೆದವರಿಗೆ ಗೊತ್ತು ಬಿಡಿ. ವಿಷಯ ಏನಂದರೆ, ಇಲ್ಲಿ ಕಾಗದ ಕೈಗೆ ಬಂತು ಅಂದ್ರೆ ಮಾತು ಮುಗೀತು ಅಂತ ನಾವು ತಿಳ್ಕೊಂಡಿದ್ದೇವೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಅಲ್ಲಿ ಕಾರ್ಯಕ್ರಮದ ಅನುಮತಿ ಬೇರೆ, ಗದ್ದಲದ ಕಾನೂನು ಬೇರೆ. ಮೊದಲನೆಯದು ಪೂರ್ತಿ ಸರಿಯಿದ್ದರೂ ಎರಡನೆಯದರಲ್ಲಿ ಸಿಕ್ಕಿಬೀಳಬಹುದು.

ಮೊದಲು ಅನುಮತಿಯ ಮಾತು. ಖುಷಿಯ ಸುದ್ದಿ ಏನಂದ್ರೆ ನಮ್ಮವರ ಎಷ್ಟೋ ಕಾರ್ಯಕ್ರಮಗಳಿಗೆ ಲೈಸೆನ್ಸ್ ಬೇಕಾಗೋದೇ ಇಲ್ಲ. ಮದುವೆ, ತೊಟ್ಟಿಲು, ಹುಟ್ಟುಹಬ್ಬದಂಥ, ಕರೆದವರಷ್ಟೇ ಬರುವ, ಲಾಭಕ್ಕಂತ ದುಡ್ಡು ತಗೊಳ್ಳದ ಖಾಸಗಿ ಸಮಾರಂಭದ ಹಾಡು ಕುಣಿತ ಲೈಸೆನ್ಸಿಂಗ್ ಕಾನೂನಿನ ಒಳಗೆ ಬರೋದಿಲ್ಲ. ಗುಡಿಯಲ್ಲಿ ಭಜನೆ ಮಾಡಿದರೂ ಅಷ್ಟೇ. ಸಾರ್ವಜನಿಕ ಕಾರ್ಯಕ್ರಮವಾದರೂ, ಮದ್ಯ ಮಾರೋ ಲೈಸೆನ್ಸ್ ಇಲ್ಲದ ಚರ್ಚ್ ಹಾಲ್ ಅಥವಾ ಕಮ್ಯುನಿಟಿ ಹಾಲ್‌ನಲ್ಲಿ, ಬೆಳಿಗ್ಗೆ 8ರಿಂದ ರಾತ್ರಿ 11ರ ಒಳಗೆ, 500 ಜನ ಮೀರದಂತೆ, ಹಾಲ್ ನೋಡಿಕೊಳ್ಳುವವರ ಒಪ್ಪಿಗೆ ಇದ್ದರೆ ಮೈಕ್ ಹಾಕಿ ಹಾಡಿಸಬಹುದು. ವಚನ ಗಾಯನಕ್ಕೆ ಇಷ್ಟು ಸಾಕಲ್ವಾ?

ಇದನ್ನು ಮೀರಿದರೆ, ಅಂದರೆ 11ರ ನಂತರವೂ ಸಂಗೀತ ಬೇಕು, ಇಲ್ಲಾ ಮದ್ಯ ಮಾರಬೇಕು ಅಂದಾಗ, ಟೆಂಪರರಿ ಇವೆಂಟ್ ನೋಟಿಸ್, ಅಂದರೆ ಒಂದು ಸಲದ ಕಾರ್ಯಕ್ರಮಕ್ಕೆ ಮುಂಚೆಯೇ ಕೊಡೋ ನೋಟಿಸ್ ಅನ್ನೋದು ಬರುತ್ತದೆ. ಅಲ್ಲಿಯವರು ಸುಮ್ನೆ ಟೆನ್ ಅಂತಾರೆ. ಇದನ್ನು ಕೊಡೋದು ಕೌನ್ಸಿಲ್‌ಗೆ, ಅಂದರೆ ಆ ಊರಿನ ಸ್ಥಳೀಯ ಆಡಳಿತಕ್ಕೆ. ಫೀಸು 21 ಪೌಂಡ್. ಕೆಲಸದವರು, ಅಡುಗೆಯವರು, ತಬಲಾದವರು ಎಲ್ಲಾ ಸೇರಿ 499 ಜನ ಮೀರಬಾರದು. ಕಾರ್ಯಕ್ರಮಕ್ಕೆ ಕನಿಷ್ಠ 10 ಕೆಲಸದ ದಿನ ಮುಂಚೆ ಕೊಡಬೇಕು. ಇದರಲ್ಲಿ ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ, ನೋಟಿಸ್ ತಲುಪಿದ ದಿನ ಮತ್ತು ಕಾರ್ಯಕ್ರಮದ ದಿನವೂ ಇಲ್ಲ. ಹಾಗಾಗಿ ಎರಡು ವಾರ ಅಂತ ಎಣಿಸಿದವರು ಒಂದೆರಡು ದಿನದಲ್ಲಿ ಗಡುವು ತಪ್ಪಿಸಿಕೊಳ್ಳುತ್ತಾರೆ. ತಡವಾಗಿ, 5ರಿಂದ 9 ಕೆಲಸದ ದಿನ ಇರುವಾಗಲೂ ಕೊಡಬಹುದು. ಆದರೆ ಆಗ ಪೊಲೀಸರೋ ಪರಿಸರ ಆರೋಗ್ಯ ವಿಭಾಗದವರೋ ಆಕ್ಷೇಪ ಎತ್ತಿದರೆ ಕಥೆ ಮುಗೀತು. ವಿಚಾರಣೆ ಇಲ್ಲ, ಅಪೀಲೂ ಇಲ್ಲ. ಸಮಯಕ್ಕೆ ಕೊಟ್ಟಿದ್ದರೆ ಕೌನ್ಸಿಲ್ ಎದುರು ನಿಮ್ಮ ಮಾತು ಹೇಳೋಕೆ ಅವಕಾಶ ಸಿಗುತ್ತದೆ. ನನ್ನ ಮಟ್ಟಿಗೆ, ಹಾಲ್ ಬುಕ್ ಮಾಡಿದ ದಿನವೇ ಇದನ್ನೂ ಮುಗಿಸೋದು ಒಳ್ಳೇದು.

ಇನ್ನು ಗದ್ದಲದ ಕಾನೂನು. ನಮ್ಮವರು ಎಡವೋದು ಇಲ್ಲೇ. "11ರ ತನಕ ಎಷ್ಟು ಬೇಕಾದ್ರೂ ಹಚ್ಚಬಹುದಂತೆ" ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಅದು ಸುಳ್ಳು. 1990ರ ಪರಿಸರ ರಕ್ಷಣಾ ಕಾನೂನಿನಲ್ಲಿ ಗದ್ದಲಕ್ಕೆ ಗಂಟೆಯ ಮಿತಿಯೂ ಇಲ್ಲ, ಇಂತಿಷ್ಟೇ ಡೆಸಿಬಲ್ ಅಂತಲೂ ಇಲ್ಲ. ಪಕ್ಕದವರ ನೆಮ್ಮದಿಗೆ ಅತಿಯಾದ ತೊಂದರೆ ಆಗ್ತಿದೆ ಅಂತ ಕೌನ್ಸಿಲ್ ಅಧಿಕಾರಿಗೆ ಖಾತ್ರಿಯಾದರೆ ಮಧ್ಯಾಹ್ನ 3ಕ್ಕೂ ನೋಟಿಸ್ ಬರಬಹುದು. ಎಷ್ಟು ಜೋರು, ಎಷ್ಟು ಹೊತ್ತು, ಎಷ್ಟು ಸಲ, ಎಂಥ ಜಾಗ, ಇದೆಲ್ಲ ನೋಡಿ ಅವರು ತೀರ್ಮಾನ ಮಾಡುತ್ತಾರೆ. ನೋಟಿಸ್ ಮೀರಿದರೆ ಅದು ಅಪರಾಧ. ದಂಡ ಬೀಳುತ್ತದೆ, ಸೌಂಡ್ ಸಿಸ್ಟಮ್ ಹೊತ್ತುಕೊಂಡು ಹೋಗೋ ಅಧಿಕಾರವೂ ಅವರಿಗಿದೆ. ಟೆನ್ ತೋರಿಸಿದರೆ ಬಿಟ್ಟುಬಿಡೋದಿಲ್ಲ.

ರಾತ್ರಿ 11ರಿಂದ ಬೆಳಿಗ್ಗೆ 7ರ ತನಕಕ್ಕೆ 1996ರ ನಾಯ್ಸ್ ಆಕ್ಟ್ ಬೇರೆ ಇದೆ. ಅದರಲ್ಲಿ ಅಂಕಿ ಇದೆ. ಸುತ್ತಲಿನ ಸದ್ದು 24 ಡೆಸಿಬಲ್ ಮೀರದಿದ್ದರೆ 34ರ ತನಕ, ಅದಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ 10 ಡೆಸಿಬಲ್‌ನಷ್ಟು. ಅಳೆಯೋದು ನಿಮ್ಮ ಸ್ಪೀಕರ್ ಮುಂದೆ ಅಲ್ಲ, ದೂರು ಕೊಟ್ಟವರ ಮನೆಯ ಒಳಗೆ. 34 ಅಂದ್ರೆ ಪಿಸುಮಾತಿನ ಹತ್ತಿರ ಅನ್ನಿ. ಮೊದಲು ಎಚ್ಚರಿಕೆ, ಆಮೇಲೂ ನಿಲ್ಲದಿದ್ದರೆ ಮನೆಯವರಿಗೆ 110 ಪೌಂಡ್ ತನಕ, ಲೈಸೆನ್ಸ್ ಇರೋ ಜಾಗಕ್ಕೆ 500 ಪೌಂಡ್ ದಂಡ.

ಇದರಲ್ಲಿ ನಿಜವಾದ ಕಳ್ಳ ಬೇಸ್, ಅಂದರೆ ಹಾಡಿನ ತಗ್ಗಿನ ದಪ್ಪ ಸದ್ದು. ಹಾಡುವವರ ದನಿ ಗೋಡೆಗೆ ತಡೆಯುತ್ತದೆ, ಬೇಸ್ ತಡೆಯೋದಿಲ್ಲ. ನಮ್ಮ ಕಿವಿಗೆ "ಅಷ್ಟೇನಿಲ್ಲ" ಅನ್ನಿಸುವಾಗಲೇ ಪಕ್ಕದ ಮನೆಯ ಹಾಸಿಗೆಯಲ್ಲಿ ಧಂ ಧಂ ಅಂತಿರುತ್ತದೆ. ಒಟ್ಟು ವಾಲ್ಯೂಮ್ ಇಳಿಸೋ ಮೊದಲು ಬೇಸ್ ಹೊರಡಿಸೋ ಸ್ಪೀಕರ್, ಅಂದರೆ ಸಬ್‌ವೂಫರ್ ಸದ್ದು ಇಳಿಸಿ, ಸ್ಪೀಕರ್‌ಗಳ ಮುಖ ಮನೆಗಳ ಕಡೆ ಇರದಂತೆ ತಿರುಗಿಸಿ. ಬಯಲಲ್ಲಾದರೆ ದೂರ ಎರಡು ಪಟ್ಟು ಆದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ಸ್ಟೇಜ್ ಎಲ್ಲಿ ಹಾಕುತ್ತೀರಿ ಅನ್ನೋದೇ ಅರ್ಧ ಕೆಲಸ.

ಹಾಲ್‌ನವರು ಹೇಳದೇ ಬಿಡೋ ಒಂದು ಸಂಗತಿ: ಎಷ್ಟೋ ಹಾಲ್‌ಗಳ ಗೋಡೆಯ ಮೇಲೆ ಸೌಂಡ್ ಲಿಮಿಟರ್ ಅಂತ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಸದ್ದು ಜಾಸ್ತಿಯಾದರೆ ಹಸಿರು ದೀಪ ಹಳದಿ, ಆಮೇಲೆ ಕೆಂಪು. ಕೆಂಪು ಕೆಲವು ಸೆಕೆಂಡ್ ನಿಂತಿತೋ, ಸ್ಟೇಜ್ ಪ್ಲಗ್‌ಗಳ ಕರೆಂಟ್ ಕಟ್. ಅದರ ಮೈಕ್‌ಗೆ ಹಾಡು, ಚಪ್ಪಾಳೆ, ಮಕ್ಕಳ ಕಿರುಚಾಟ ಎಲ್ಲ ಒಂದೇ. ಹಲಗಿಗೆ ಕರೆಂಟೇ ಬೇಡ, ಆದರೂ ನಾಲ್ಕು ಹುಡುಗರು ಜೋಶ್‌ನಲ್ಲಿ ಬಾರಿಸಿದರೆ ಪೆಟ್ಟಿಗೆ ಕೆಂಪಾಗಿ ಅತಿಥಿಯ ಕೈಯಲ್ಲಿದ್ದ ಮೈಕ್ ಸತ್ತುಹೋಗುತ್ತದೆ. ಅಡುಗೆಮನೆಯ ಪ್ಲಗ್‌ನಿಂದ ವೈರ್ ಎಳೆದು ತಪ್ಪಿಸಿಕೊಳ್ಳೋ ಜಾಣತನ ಬೇಡ. ಡಿಪಾಸಿಟ್ ಹೋಗುತ್ತದೆ, ಮುಂದಿನ ಸಲ ಹಾಲ್ ಸಿಗೋದಿಲ್ಲ. ಬುಕ್ ಮಾಡುವಾಗಲೇ ಲಿಮಿಟರ್ ಇದೆಯಾ, ಎಷ್ಟಕ್ಕೆ ಸೆಟ್ ಮಾಡಿದ್ದಾರೆ ಅಂತ ಕೇಳಿ. ಜೊತೆಗೆ ರೆಕಾರ್ಡ್ ಹಾಡು ಹಾಕೋದಾದರೆ ಪಿಪಿಎಲ್ ಪಿಆರ್‌ಎಸ್‌ನವರ ಮ್ಯೂಸಿಕ್ ಲೈಸೆನ್ಸ್ ಹಾಲ್‌ಗೆ ಇದೆಯಾ ಅಂತಲೂ. ಅದು ಹಾಡಿನ ಹಕ್ಕಿಗೆ ಸಂಬಂಧಪಟ್ಟದ್ದು, ಗದ್ದಲಕ್ಕಲ್ಲ.

ಪಾರ್ಕ್ ಅಂದ್ರೆ ಇನ್ನೊಂದು ತೂಕ. ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ 2015ರಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣ ಆದ ಮೇಲೆ ಅಲ್ಲಿ ಸೇರಬೇಕು ಅನ್ನೋದು ನಮ್ಮ ಭಾಗದವರ ಆಸೆ. ಹೂ ಹಾಕಿ ಕೈ ಮುಗಿದು ಬರೋಕೆ ಯಾರನ್ನೂ ಕೇಳಬೇಕಿಲ್ಲ. ಮೈಕ್, ಸ್ಟೇಜ್, ಪೆಂಡಾಲ್ ಅಂದ ಕೂಡಲೇ ಜಾಗದ ಒಡೆಯರನ್ನು ಕೇಳಬೇಕು. ಕೌನ್ಸಿಲ್ ಪಾರ್ಕುಗಳಿಗೆ ಅರ್ಜಿ ತಿಂಗಳುಗಟ್ಟಲೆ ಮುಂಚೆ ಹೋಗಬೇಕಾಗಬಹುದು. ಇನ್ಶೂರೆನ್ಸ್ ಕಾಗದವನ್ನೂ, ಏನೇನು ಅಪಾಯ ಆಗಬಹುದು, ತಡೆಯೋದು ಹೇಗೆ ಅಂತ ಬರೆದ ಪಟ್ಟಿಯನ್ನೂ ಕೇಳುತ್ತಾರೆ. ರಸ್ತೆಯಲ್ಲಾದರೆ 1974ರ ಕಾನೂನಿನ ಪ್ರಕಾರ ರಾತ್ರಿ 9ರಿಂದ ಬೆಳಿಗ್ಗೆ 8ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. "ಬನ್ನಿ ಬನ್ನಿ, ನಮ್ಮ ಕಾರ್ಯಕ್ರಮಕ್ಕೆ ಬನ್ನಿ" ಅಂತ ಗಾಡಿಗೆ ಮೈಕ್ ಕಟ್ಟಿಕೊಂಡು ಪ್ರಚಾರ ಮಾಡೋದಂತೂ ಹಗಲಲ್ಲೂ ಇಲ್ಲ.

ಕಾನೂನು ಹೇಳದಿದ್ದರೂ ಮಾಡಲೇಬೇಕಾದ ಕೆಲಸ ಒಂದಿದೆ, ಪಕ್ಕದ ಮನೆಗಳಿಗೆ ಒಂದು ವಾರ ಮುಂಚೆ ಚೀಟಿ ಹಾಕೋದು. ಶನಿವಾರ 4ರಿಂದ 9ರ ತನಕ ಕಾರ್ಯಕ್ರಮ ಇದೆ, ಸದ್ದು ಜಾಸ್ತಿ ಅನ್ನಿಸಿದರೆ ಈ ನಂಬರಿಗೆ ಫೋನ್ ಮಾಡಿ ಅಂತ ನಾಲ್ಕು ಸಾಲು ಸಾಕು. ಆ ನಂಬರ್ ಸ್ಟೇಜ್ ಮೇಲೆ ನಿರೂಪಣೆ ಮಾಡುವವರದ್ದಾಗಿರಬಾರದು. ಹೊರಗೆ ನಿಂತು ಫೋನ್ ಎತ್ತುವವರು, ಮಿಕ್ಸರ್ ಹತ್ತಿರ ಹೋಗಿ "ಇಳಿಸ್ರೀ" ಅಂದರೆ ಮಾತು ನಡೆಯುವವರು ಒಬ್ಬರಿರಲಿ. ಪಕ್ಕದವರು ಕೌನ್ಸಿಲ್‌ಗೆ ಫೋನ್ ಮಾಡೋದು ಎಷ್ಟೋ ಸಲ ನಿಮ್ಮ ನಂಬರ್ ಇಲ್ಲದ್ದಕ್ಕೆ.

ಪಟಾಕಿಯ ಬಗ್ಗೆಯೂ ಕೇಳುತ್ತಾರೆ. ಸಾಮಾನ್ಯ ದಿನ ರಾತ್ರಿ 11ಕ್ಕೆ ನಿಲ್ಲಿಸಬೇಕು, ದೀಪಾವಳಿ ರಾತ್ರಿ 1ರ ತನಕ ಅವಕಾಶವಿದೆ. ಆ ಸಡಿಲ ಪಟಾಕಿಗೆ ಮಾತ್ರ, ಡಿಜೆಗೆ ಅಲ್ಲ. ಇನ್ನು ಇಲ್ಲಿ ಬರೆದ ಟೆನ್, ಹಾಲ್‌ನ 11 ಗಂಟೆಯ ಲೆಕ್ಕ ಎಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಗ್ಲಾಸ್ಗೋ, ಎಡಿನ್‌ಬರೋದಲ್ಲಿ ಓದ್ತಿರೋ ನಮ್ಮ ಹುಡುಗರು ಇದನ್ನು ಹಿಡ್ಕೊಂಡು ಹೋಗಬೇಡಿ. ಸ್ಕಾಟ್ಲೆಂಡಿನ ಲೈಸೆನ್ಸಿಂಗ್ ಕಾನೂನೇ ಬೇರೆ, ಅಲ್ಲಿಯ ಕೌನ್ಸಿಲ್‌ನ್ನೇ ಕೇಳಿ.