ಬೆಂಟ್-ಕೋರ್ ದ್ರವಸ್ಫಟಿಕ: ಕರೆಂಟ್ ಅಳೆಯುವಾಗ ಕಣ್ಣು ಮೈಕ್ರೋಸ್ಕೋಪಿನಲ್ಲಿರಲಿ

ಬೆಂಟ್-ಕೋರ್ ಅಣುಗಳು ನಡುವೆ ಸುಮಾರು 120 ಡಿಗ್ರಿ ಕೋನದಲ್ಲಿ ಬಾಗಿರುತ್ತವೆ. ಅಣು ಕೈರಲ್ (ಎಡಗೈ-ಬಲಗೈಗಳಂತೆ ತನ್ನ ಕನ್ನಡಿ ಬಿಂಬಕ್ಕೆ ಹೊಂದದ್ದು) ಅಲ್ಲದಿದ್ದರೂ, ಪದರದೊಳಗೆ ಒತ್ತೊತ್ತಾಗಿ ಕೂತಾಗ ಎಲ್ಲದರ ಬಾಗು ಒಂದೇ ಕಡೆ ತಿರುಗಿ ಧ್ರುವೀಕರಣ (ಪದರಕ್ಕೆ ವಿದ್ಯುತ್ತಿನ ಧನ-ಋಣ ದಿಕ್ಕು) ಹುಟ್ಟುತ್ತದೆ. 1996ರಲ್ಲಿ ಜಪಾನಿನ ನಿಯೋರಿ, ತಕೆಝೋಯೆ ಮತ್ತು ಜೊತೆಗಾರರು ಇದನ್ನು ತೋರಿಸಿದಾಗಿನಿಂದ ಈ ವಸ್ತುಗಳ ಸೆಳೆತ ಕಡಿಮೆಯಾಗಿಲ್ಲ. ಅಣುಗಳು ಪದರಗಳಲ್ಲಿ ವಾಲಿ ನಿಲ್ಲುವ, ವೋಲ್ಟೇಜಿಗೆ ತಿರುಗುವ ಬಿ2 ಫೇಸ್‌ನಲ್ಲಿ ಆ ಧ್ರುವೀಕರಣವನ್ನು ಅಳೆಯೋಣ.

ಐಟಿಒ (ವಿದ್ಯುತ್ ಹರಿಸುವ ಪಾರದರ್ಶಕ ಪದಾರ್ಥ) ಲೇಪನವಿರುವ, 5 ಮೈಕ್ರಾನ್ ದಪ್ಪದ ಸೆಲ್, ಅಂದರೆ ಎರಡು ಗಾಜುಗಳ ನಡುವಿನ ತೆಳು ಜಾಗ, ತೆಗೆದುಕೊಳ್ಳಿ. ತುಂಬುವ ಮೊದಲೇ ಖಾಲಿ ಸೆಲ್‌ನ ಕೆಪಾಸಿಟನ್ಸ್ ಬರೆದಿಟ್ಟುಕೊಳ್ಳಿ, ಆಮೇಲೆ ಆ ಅವಕಾಶ ಸಿಗಲ್ಲ. ಎಲೆಕ್ಟ್ರೋಡ್ 16 ಚದರ ಮಿ.ಮೀ. ಇದ್ದರೆ ಸುಮಾರು 28 ಪಿಕೋಫ್ಯಾರಡ್ ಬರಬೇಕು. ವಸ್ತುವನ್ನು ಐಸೊಟ್ರೋಪಿಕ್ (ಪದರವಿಲ್ಲದ ಸಾಮಾನ್ಯ ದ್ರವ) ಆಗುವವರೆಗೆ ಬಿಸಿ ಮಾಡಿ ತುಂಬಿಸಿ, ನಿಧಾನವಾಗಿ ತಣಿಸಿ.

ಈಗ ಸೆಲ್ ಜೊತೆ ಸರಣಿಯಲ್ಲಿ ಒಂದು ರೆಸಿಸ್ಟರ್ ಹಾಕಿ, ಸುಮಾರು 10 ಹರ್ಟ್ಝ್‌ನ ತ್ರಿಕೋನ ಅಲೆ ಕೊಡಿ. ಮೈಕ್ರಾನಿಗೆ ಹತ್ತು ವೋಲ್ಟ್ ಬೇಕಾದರೂ ಆಶ್ಚರ್ಯವಿಲ್ಲ, ಹಾಗಾಗಿ ಆಂಪ್ಲಿಫೈಯರ್ ಬೇಕೇ ಬೇಕು. ಕರೆಂಟ್‌ನಲ್ಲಿ ಅರ್ಧ ಅಲೆಗೆ ಎರಡು ಪೀಕ್ ಕಂಡರೆ ಆಂಟಿಫೆರೋಎಲೆಕ್ಟ್ರಿಕ್ (ಪಕ್ಕದ ಪದರಗಳ ಧ್ರುವೀಕರಣ ಎದುರುಬದುರು), ಒಂದೇ ಕಂಡರೆ ಫೆರೋಎಲೆಕ್ಟ್ರಿಕ್ (ಎಲ್ಲವೂ ಒಂದೇ ಕಡೆ) ಇರಬಹುದು. ಆದರೆ ಅಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಅಲೆಯ ವೇಗ ಜಾಸ್ತಿಯಾದರೆ ಎರಡು ಪೀಕ್ ಒಂದಾಗಿ ಕಾಣುತ್ತವೆ. ಫ್ರೀಕ್ವೆನ್ಸಿ ಇಳಿಸಿ, ಸೊನ್ನೆ ವೋಲ್ಟ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಅಲೆಯನ್ನೂ ಕೊಟ್ಟು ನೋಡಿ. ಅಯಾನುಗಳ ಉಬ್ಬೂ ಇಲ್ಲಿ ಮೋಸ ಮಾಡುತ್ತದೆ: ಐಸೊಟ್ರೋಪಿಕ್‌ಗೆ ಹೋದರೂ ಉಳಿಯುವ ಅಗಲವಾದ ಉಬ್ಬು ಧ್ರುವೀಕರಣದ್ದಲ್ಲ.

ತಳದ ಗೆರೆ ಕಳೆದು, ಅರ್ಧ ಅಲೆಯ ಪೀಕ್‌ಗಳಡಿಯ ಚಾರ್ಜನ್ನೆಲ್ಲ ಕೂಡಿಸಿ, ವಿಸ್ತೀರ್ಣದ ಎರಡರಷ್ಟರಿಂದ ಭಾಗಿಸಿ. 160 ನ್ಯಾನೋಕೂಲಂ ಬಂದರೆ, 0.16 ಚದರ ಸೆಂ.ಮೀ. ವಿಸ್ತೀರ್ಣಕ್ಕೆ ಉತ್ತರ ಚದರ ಸೆಂ.ಮೀ.ಗೆ 500 ನ್ಯಾನೋಕೂಲಂ. ಈ ವಸ್ತುಗಳಿಗೆ ಇದು ಸಹಜವಾದ ಸಂಖ್ಯೆಯೇ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಅಡ್ಡ ಪೋಲರೈಸರ್‌ಗಳ ನಡುವೆ ದುಂಡನೆಯ ಡೊಮೈನ್ (ಒಂದೇ ಬಗೆಯ ಜೋಡಣೆ ಇರುವ ಭಾಗ) ಹುಡುಕಿ, ಅದರೊಳಗೆ ಕಪ್ಪು ಶಿಲುಬೆ ಕಾಣುತ್ತದೆ. ಡಿಸಿ ವೋಲ್ಟೇಜ್ ಕೊಟ್ಟು, ದಿಕ್ಕು ಬದಲಿಸಿ. ಶಿಲುಬೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿದರೆ ಪಕ್ಕಪಕ್ಕದ ಪದರಗಳು ಒಂದೇ ಕಡೆ ವಾಲಿವೆ ಅಂತ, ಅಂದರೆ ಆ ಡೊಮೈನ್ ಕೈರಲ್. ದಿಕ್ಕು ಬದಲಿಸಿದರೂ ಅಲ್ಲಾಡದೆ ನಿಂತರೆ, ಅಲ್ಲಿ ಸ್ವಿಚಿಂಗ್ ಆಗುತ್ತಲೇ ಇಲ್ಲ ಅಂದುಕೊಳ್ಳಬೇಡಿ. ಪದರಗಳು ಎದುರುಬದುರು ವಾಲಿದ ರೇಸಿಮಿಕ್ (ಎಡ-ಬಲ ಪದರಗಳು ಸರದಿಯಲ್ಲಿರುವ) ಡೊಮೈನ್‌ನಲ್ಲಿ ಕರೆಂಟ್ ಪೀಕ್ ಬಂದರೂ ಶಿಲುಬೆ ಹಾಗೇ ಇರುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನೋದು. ಒಂದೇ ಸೆಲ್‌ನಲ್ಲಿ ಎರಡೂ ಥರದ ಡೊಮೈನ್ ಇರಬಹುದು, ಸ್ಟೇಜ್ ಸರಿಸುತ್ತಾ ನಾಲ್ಕಾರು ಕಡೆ ಪರೀಕ್ಷಿಸಿ ಬರೆದುಕೊಳ್ಳಿ.