ಇಂಬೊಲ್ಕ್ ಹಬ್ಬ: ಜೊಂಡಿನ ಶಿಲುಬೆ ಹೆಣೆಯುವುದು, ತೋಟಕ್ಕೆ ಕೈ ಹಾಕುವುದು ಹೇಗೆ?

ಐರ್ಲೆಂಡಿನ ಹಳೆಯ ಲೆಕ್ಕದಲ್ಲಿ ಫೆಬ್ರುವರಿ 1 ವಸಂತದ ಮೊದಲ ದಿನ. ಅಲ್ಲಿನ ಹವಾಮಾನ ಇಲಾಖೆಗೆ ಮಾರ್ಚ್ 1. ಹೊರಗಿನ ಚಳಿ, ಜಿಟಿಜಿಟಿ ಮಳೆ, ಕೆಸರು ನೋಡಿದರೆ ಇಲಾಖೆಯೇ ಸರಿ ಅನಿಸುತ್ತದೆ. ಆದರೆ ಡಿಸೆಂಬರ್ ಕೊನೆಗೆ ಡಬ್ಲಿನ್‌ನಲ್ಲಿ ಏಳೂವರೆ ಗಂಟೆಗೆ ಕುಗ್ಗಿದ್ದ ಹಗಲು ಈ ಹೊತ್ತಿಗೆ ಒಂಬತ್ತರ ಹತ್ತಿರ ಬಂದಿರುತ್ತದೆ, ಕುರಿಗಳ ಕೆಚ್ಚಲು ತುಂಬುತ್ತಿರುತ್ತದೆ. ಇಂಬೊಲ್ಕ್ ಹುಟ್ಟಿದ್ದು ಈ ಹೊತ್ತಿನಲ್ಲಿ.

ಕಾವ್ಯ, ಕಮ್ಮಾರಿಕೆ, ವೈದ್ಯ ಮೂರಕ್ಕೂ ಸೇರಿದ ಬ್ರಿಜಿಡ್ ದೇವಿಯ ಹಬ್ಬವಿದು. ಕಿಲ್ಡೇರ್‌ನ ಸಂತ ಬ್ರಿಜಿಡಳ ದಿನವೂ ಇದೇ. 2023ರಿಂದ ಐರ್ಲೆಂಡಿನಲ್ಲಿ ಇದರ ಹೆಸರಿನಲ್ಲಿ ಸರ್ಕಾರಿ ರಜೆಯಿದೆ. ಕ್ರೈಸ್ತಧರ್ಮಕ್ಕೂ ಮುಂಚಿನ ಯುರೋಪಿನ ನಂಬಿಕೆಗಳನ್ನು ಹಿಡಿದು ನಡೆಯುವ ಪೇಗನ್ನರು ಈಗ ಆಚರಿಸುವ ಎಂಟು ಹಬ್ಬಗಳ ‘ವರ್ಷಚಕ್ರ’ ರೂಪುಗೊಂಡದ್ದು 20ನೇ ಶತಮಾನದ ನಡುವೆ, ಬ್ರಿಟನ್ನಿನಲ್ಲಿ. ಇಂಬೊಲ್ಕ್ ಅದಕ್ಕಿಂತ ತುಂಬ ಹಳೆಯದು, ಮಧ್ಯಯುಗದ ಐರಿಷ್ ಬರಹಗಳಲ್ಲೇ ಸಿಗುತ್ತದೆ. ಹಬ್ಬ ಶುರುವಾಗುವುದು ಜನವರಿ 31ರ ಮುಸ್ಸಂಜೆಗೆ. ಬ್ರಿಜಿಡಳ ಹೆಸರಿನ ಜೊಂಡಿನ ಶಿಲುಬೆ ಹೆಣೆಯಲು ಕೂರುವುದೂ ಆಗಲೇ.

ಜೊಂಡು ಆರಿಸುವುದು

ಬೇಕಾದದ್ದು ಸಾಫ್ಟ್ ರಶ್ ಎಂಬ ಜೊಂಡು. ನೀರು ನಿಲ್ಲುವ ಹುಲ್ಲುಗಾವಲಿನಲ್ಲಿ ಗುಂಪಾಗಿ ಬೆಳೆಯುತ್ತದೆ. ದುಂಡನೆಯ ಕಡ್ಡಿ, ಎಲ್ಲೂ ಗೆಣ್ಣಿಲ್ಲ, ಸೀಳಿದರೆ ಒಳಗೆ ಬಿಳಿ ಬೆಂಡು. (ಇದೇ ಬೆಂಡನ್ನು ಕೊಬ್ಬಿನಲ್ಲಿ ಅದ್ದಿ ಬಡವರು ದೀಪ ಉರಿಸುತ್ತಿದ್ದರು. ಸುಮಾರು 72 ಸೆಂ.ಮೀ. ಉದ್ದದ್ದೊಂದು 57 ನಿಮಿಷ ಉರಿಯಿತೆಂದು 18ನೇ ಶತಮಾನದ ಪ್ರಕೃತಿವಿಜ್ಞಾನಿ ಗಿಲ್ಬರ್ಟ್ ವೈಟ್ ಲೆಕ್ಕ ಇಟ್ಟಿದ್ದಾರೆ.) ಕತ್ತರಿಸದೆ ಬುಡ ಹಿಡಿದು ಕೀಳುವುದು ಸಂಪ್ರದಾಯ. ಹೊಲ ಯಾರದ್ದೋ ಅವರನ್ನು ಕೇಳಿಯೇ ಇಳಿಯಿರಿ.

ಒಂದು ಶಿಲುಬೆಗೆ 29 ಕಡ್ಡಿ ಸಾಕು, ಮುರಿಯುವ ಲೆಕ್ಕಕ್ಕೆ ಇನ್ನೈದಾರು ಇರಲಿ. ಬುಡದ ಬಿಳಿ ಭಾಗ, ತುದಿಯ ಸಪೂರ ಭಾಗ ತೆಗೆದು 35 ಸೆಂ.ಮೀ.ಗೆ ಸಮ ಮಾಡಿ. ಎಲ್ಲ ಒಂದೇ ದಪ್ಪ ಇರಬೇಕು. ದಪ್ಪದ್ದೊಂದು, ಸಣ್ಣದ್ದೊಂದು ಬೆರೆತರೆ ನಡುವಿನ ಚೌಕ ಸೊಟ್ಟಗಾಗುತ್ತದೆ. ಕಿತ್ತ ಒಂದೆರಡು ದಿನದಲ್ಲೇ ಹೆಣೆಯಿರಿ, ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಣಗಿದ ಕಡ್ಡಿ ಮಡಚುವಲ್ಲಿ ಚಟ್ಟನೆ ಸೀಳುತ್ತದೆ. ಹಾಗಂತ ನೀರಲ್ಲಿ ಮುಳುಗಿಸಿಟ್ಟರೆ ಆಮೇಲೆ ಆರಿ, ಸಣಕಲಾಗಿ, ನಡುವೆ ಸಡಿಲ ಬೀಳುತ್ತದೆ.

ಜೊಂಡು ಸಿಗದ ಫ್ಲಾಟ್‌ವಾಸಿಗಳಿಗೆ ಕಾಗದದ ಸ್ಟ್ರಾ ಅಥವಾ ಪೈಪ್ ಕ್ಲೀನರ್ ಆದೀತು, ಅಂದ ಅಷ್ಟಕ್ಕಷ್ಟೆ.

ಹೆಣೆಯುವುದು

ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಸರಿಯಾಗಿ ನಡುವಿಗೆ ಮಡಚಿ, ಮೊದಲನೆಯದರ ನಟ್ಟನಡುವೆ ಸುತ್ತಿಸಿ. ಅದರ ಎರಡು ತುದಿಗಳೂ ಬಲಕ್ಕೆ ಬರಬೇಕು. ಮಡಿಕೆಯನ್ನು ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ಹಿಡಿಯಿರಿ. ಹೆಣಿಗೆ ಮುಗಿಯುವ ತನಕ ಈ ಹಿಡಿತ ಬಿಡುವಂತಿಲ್ಲ.

ಈಗ ಇಡೀ ಕಟ್ಟನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದ ತುದಿಗಳು ಮೇಲಕ್ಕೆ ಬಂದವು. ಮೂರನೆಯ ಕಡ್ಡಿಯನ್ನು ಮಡಚಿ, ಮೇಲೆ ನಿಂತ ಆ ಜೋಡಿಯ ಸುತ್ತ ಹಾಕಿ ಮತ್ತೆ ಬಲಕ್ಕೆ ಎಳೆಯಿರಿ, ನಡುವಿಗೆ ಒತ್ತಿಕೊಳ್ಳುವಷ್ಟು. ಮತ್ತೆ ಕಾಲು ಸುತ್ತು. ಇಷ್ಟೇ ಕೆಲಸ: ಮಡಚು, ಮೇಲಿನ ಗುಂಪಿಗೆ ಸುತ್ತು, ಬಲಕ್ಕೆ ಎಳೆ, ತಿರುಗಿಸು. ತೆಂಗಿನ ಗರಿಯ ಗಿರಿಗಿಟ್ಲೆ ಮಾಡಿ ಬಲ್ಲವರಿಗೆ ಈ ಮಡಿಕೆ ಐದೇ ನಿಮಿಷದಲ್ಲಿ ಕೈಗೆ ಬರುತ್ತದೆ.

ಹೊಸ ಕಡ್ಡಿ ಸದಾ ಹಿಂದಿನದರ ಪಕ್ಕದಲ್ಲೇ, ನಡುವಿನಿಂದ ಹೊರಕ್ಕೆ ಸಾಲಾಗಿ ಕೂರಬೇಕು. ಒಂದರ ಮೇಲೊಂದು ಹತ್ತಿದರೆ ಬಿಚ್ಚಿ ಮತ್ತೆ ಹಾಕಿ. ಏಳು ಸುತ್ತಿಗೆ 28 ಮಡಚಿದ ಕಡ್ಡಿ ಮುಗಿದು ನಡುವೆ ಓರೆಗೆರೆಗಳ ಚೌಕ ಮೂಡಿರುತ್ತದೆ. ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಮಾತಾಡುತ್ತಾ ಒಮ್ಮೆ ಎದುರು ದಿಕ್ಕಿಗೆ ತಿರುಗಿಸಿಬಿಡುತ್ತೇವೆ. ಆಗ ಒಂದು ತೋಳು ತೆಳ್ಳಗೆ, ಪಕ್ಕದ್ದು ದಪ್ಪ. ತಪ್ಪಿದ ಜಾಗದವರೆಗೂ ಬಿಚ್ಚದೆ ಅದು ಸರಿಹೋಗುವುದಿಲ್ಲ.

ಕೊನೆಗೆ ನಾಲ್ಕು ತೋಳನ್ನೂ ತುದಿಯಿಂದ 3 ಸೆಂ.ಮೀ. ಒಳಗೆ ಮೊದಲು ರಬ್ಬರ್‌ಬ್ಯಾಂಡ್‌ನಿಂದ, ಆಮೇಲೆ ದಾರದಿಂದ ಬಿಗಿದು, ತುದಿ ಸಮ ಕತ್ತರಿಸಿ. ದಾರದ ಗಂಟು ಬಿಚ್ಚುವಂತಿರಲಿ. ಹಸಿರು ಹೋಗಿ ಹುಲ್ಲಿನ ಬಣ್ಣಕ್ಕೆ ತಿರುಗುವಾಗ ಕಡ್ಡಿ ಕುಗ್ಗುತ್ತದೆ, ಆಗ ಮತ್ತೊಮ್ಮೆ ಬಿಗಿಯಬೇಕು. ಬಾಗಿಲ ಮೇಲೆ ತೂಗುಹಾಕುವುದು ವಾಡಿಕೆ. ಒಲೆಯ ಆವಿ ತಾಗುವ ಕಡೆ ಬೇಡ, ಬೂಷ್ಟು ಹಿಡಿಯುತ್ತದೆ.

ತೋಟದಲ್ಲಿ

ಹಬ್ಬದ ಹುಮ್ಮಸ್ಸಿನಲ್ಲಿ ಬೀಜ ಬಿತ್ತಬೇಡಿ. ತಣ್ಣಗೆ ಒದ್ದೆಯಾಗಿರುವ ನೆಲದಲ್ಲಿ ಬೀಜ ಮೊಳೆಯುವುದಕ್ಕಿಂತ ಕೊಳೆಯುವುದೇ ಹೆಚ್ಚು. ಈ ತಿಂಗಳು ಮಾಡಬಹುದಾದದ್ದು ಎರಡು.

ಒಂದು, ಸ್ನೋಡ್ರಾಪ್, ಅಂದರೆ ಚಳಿಗಾಲದ ಕೊನೆಗೆ ಬಿಳಿ ಹೂ ಬಿಡುವ ಪುಟ್ಟ ಗೆಡ್ಡೆ ಗಿಡ. ಹೂ ಬಾಡಿದ ಮೇಲೆ, ಎಲೆ ಇನ್ನೂ ಹಸಿರಿರುವಾಗಲೇ ಗುಂಪನ್ನು ಅಗೆದು ತೆಗೆದು, ಗೆಡ್ಡೆಗಳನ್ನು ಎರಡು ಮೂರರಂತೆ ಬಿಡಿಸಿ, 10 ಸೆಂ.ಮೀ. ಅಂತರದಲ್ಲಿ ನೆಡಿ. ದಂಟಿನ ಬಿಳುಪು ಹಸಿರಾಗುವ ಗೆರೆ ಮಣ್ಣಿನ ಮಟ್ಟಕ್ಕೆ ಬರಲಿ. ಒಣ ಗೆಡ್ಡೆ ಕೊಂಡು ನೆಟ್ಟರೆ ಹಲವು ಸಲ ಹುಟ್ಟುವುದೇ ಇಲ್ಲ. ಗೆಡ್ಡೆ ಸಣ್ಣ ಈರುಳ್ಳಿಯಂತೆ ಕಾಣುತ್ತದೆ, ಆದರೆ ವಿಷ, ಅಡುಗೆಮನೆಗೆ ತರಬೇಡಿ.

ಎರಡು, ಬಿತ್ತನೆ ಆಲೂಗಡ್ಡೆಗೆ ಮೊಳಕೆ ತರಿಸುವುದು. ಮೊಟ್ಟೆಯ ಟ್ರೇಯಲ್ಲಿ, ಕಣ್ಣು ಹೆಚ್ಚಿರುವ ತುದಿ ಮೇಲಾಗಿ ನಿಲ್ಲಿಸಿ, 10 ಡಿಗ್ರಿಯ ಆಸುಪಾಸು ತಂಪಿರುವ, ಬೆಳಕು ಬೀಳುವ ಕಿಟಕಿಯ ಬಳಿ ಇಡಿ. ಬೆಚ್ಚಗಿನ ಕತ್ತಲಲ್ಲಿಟ್ಟರೆ ಬಿಳಿಚಿದ ಉದ್ದನೆಯ ಮೊಳಕೆ ಬಂದು ಮುಟ್ಟಿದರೆ ಮುರಿಯುತ್ತದೆ. ಗಿಡ್ಡಗೆ, ಗಟ್ಟಿಯಾಗಿ 2–3 ಸೆಂ.ಮೀ. ಬೆಳೆದರೆ ಹದ. ಐರ್ಲೆಂಡಿನವರು ಇದನ್ನು ನೆಡುವುದು ಸೇಂಟ್ ಪ್ಯಾಟ್ರಿಕ್ ದಿನದ ಹೊತ್ತಿಗೆ, ಅಂದರೆ ಮಾರ್ಚ್ 17ಕ್ಕೆ. ಅಷ್ಟರಲ್ಲಿ ಮೊಳಕೆ ಐದಾರು ಬಂದಿದ್ದರೆ ಬಲವಾದ ಮೂರ್ನಾಲ್ಕು ಉಳಿಸಿ, ಮಿಕ್ಕಿದ್ದನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ.