ಡಂಕಾ ಶಾ ಪಾಠವನ್ನು ಹೀಗೆ ಮಾಡಿ

1857ರ ಪಾಠದಲ್ಲಿ ಮಂಗಲ್ ಪಾಂಡೆ, ಝಾನ್ಸಿ ರಾಣಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತದೆ. ಫೈಜಾಬಾದಿನ ಮೌಲವಿ ಅಹ್ಮದುಲ್ಲಾ ಶಾ ಅವರಿಗೆ ಉಳಿಯುವುದು ಒಂದು ಸಾಲು. ನಾನು ಅವರಿಗೆಂದೇ ಒಂದು ಇಡೀ ಪೀರಿಯಡ್ ತೆಗೆದಿಡುತ್ತೇನೆ. ನೀವೂ ತೆಗೆದಿಡಿ.

ಬೋರ್ಡಿನ ಮೇಲೆ ಇಸವಿ ಬರೆಯುತ್ತಾ ಆರಂಭಿಸಬೇಡಿ, ಪಲ್ಲಕ್ಕಿಯಿಂದ ಆರಂಭಿಸಿ. ಮುಂದೆ ನಗಾರಿ ಬಾರಿಸುವವರು, ನಡುವೆ ಪಲ್ಲಕ್ಕಿಯಲ್ಲಿ ಮೌಲವಿ, ಹಿಂದೆ ಅನುಯಾಯಿಗಳ ದಂಡು. ಹೀಗೆ ಲಕ್ನೋ ಸುತ್ತಲಿನ ಅವಧ ಸೀಮೆಯ ಹಳ್ಳಿಹಳ್ಳಿಗೂ ಸುತ್ತಾಟ. ಜನ ಅವರನ್ನು ‘ಡಂಕಾ ಶಾ’ ಎಂದದ್ದು ಆ ನಗಾರಿಯಿಂದಲೇ. ಹಿಂದಿನ ಬೆಂಚಿನವರಿಗೆ ಒಂದು ನಿಮಿಷ ಡೆಸ್ಕ್ ಬಡಿಯಲು ಹೇಳಿ. ಪಕ್ಕದ ತರಗತಿಯವರು ದೂರು ಕೊಟ್ಟರೆ ಕೊಡಲಿ. ಸದ್ದು ನಿಂತ ಮೇಲೆ ಕೇಳಿ: ಓದು ಬಾರದ ಊರಿಗೆ ಸುದ್ದಿ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾವುದು?

ಆಮೇಲೆ ಕಾರಣ. 1856ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧವನ್ನು ನುಂಗಿತು. ಅದೇ ವರ್ಷ ಲಕ್ನೋದಲ್ಲಿ ಮೌಲವಿಯ ಪ್ರವಚನಕ್ಕೆ ಪೊಲೀಸರು ತಡೆಯೊಡ್ಡಿದರು, ಮರುವರ್ಷ ಫೈಜಾಬಾದಿನಲ್ಲಿ ಸೆರೆಯಾಯಿತು. ಬಿಡುಗಡೆಯಾದ ಮೇಲೆ ದಂಗೆಯೆದ್ದ 22ನೇ ನೇಟಿವ್ ಇನ್‌ಫೆಂಟ್ರಿಯ (ಕಂಪನಿಯ ಕಾಲಾಳು ಪಡೆ) ಸಿಪಾಯಿಗಳು ಅವರನ್ನೇ ನಾಯಕರನ್ನಾಗಿ ಆರಿಸಿಕೊಂಡರು. ಜೂನ್ 30ರಂದು ಲಕ್ನೋ ಬಳಿಯ ಚಿನ್ಹಟ್‌ನಲ್ಲಿ ಬ್ರಿಟಿಷ್ ಪಡೆಯ ಮುಖ್ಯಸ್ಥ ಹೆನ್ರಿ ಲಾರೆನ್ಸ್ ಸೋತ ಕಾಳಗದಲ್ಲಿ ಮೌಲವಿ ಹೋರಾಡಿದರು.

ಅವರು ಸಾರಿದ್ದು ಜಿಹಾದ್ ಎಂಬುದನ್ನು ಮುಚ್ಚಿಡಬೇಡಿ. ಮಕ್ಕಳು ಹೇಗೂ ಕೇಳಿಯೇ ಕೇಳುತ್ತಾರೆ. ಆ ಕರೆ ಕಂಪನಿಯ ಆಳ್ವಿಕೆಯ ವಿರುದ್ಧ, ಅವಧದಲ್ಲಿ ಬಂಡೆದ್ದ ಸಿಪಾಯಿಗಳಲ್ಲಿ ಹಿಂದೂಗಳೂ ಬಹಳ ಮಂದಿ. ಇಷ್ಟು ಹೇಳಿದರೆ ಸಾಕು, ಸೌಹಾರ್ದದ ಭಾಷಣ ಬೇಡ.

ಈಗ ಬೋರ್ಡಿನ ನಡುವೆ ಗೆರೆ ಎಳೆದು ‘ನಡೆದದ್ದು’, ‘ನಂಬಿದ್ದು’ ಎಂದು ಬರೆಯಿರಿ. ಮೌಲವಿಗೆ ಮಾಂತ್ರಿಕ ಶಕ್ತಿಯಿದೆ, ಬ್ರಿಟಿಷರ ಕೈಯಲ್ಲಿ ಅವರಿಗೆ ಸಾವಿಲ್ಲ ಎಂದು ಜನ ನಂಬಿದ್ದರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸಿಟ್ಟು. ಸಾವಿರಾರು ಜನ ಒಬ್ಬ ಪ್ರವಚನಕಾರನ ಹಿಂದೆ ಏಕೆ ಹೊರಟರೆಂದು ತಿಳಿಯಲು ಆ ವದಂತಿಯೂ ಒಂದು ದಾಖಲೆಯೇ.

ಕೊನೆಯ ಹತ್ತು ನಿಮಿಷವನ್ನು ಪವಾಯಾಂ ಘಟನೆಗೆ ಉಳಿಸಿಕೊಳ್ಳಿ. 1858 ಜೂನ್ 5ರಂದು ಮೌಲವಿ ಆನೆಯೇರಿ ಅಲ್ಲಿನ ರಾಜ ಜಗನ್ನಾಥ ಸಿಂಗ್‌ನ ಬೆಂಬಲ ಕೇಳಲು ಹೋದರು. ಬಾಗಿಲು ತೆರೆಯಲಿಲ್ಲ, ಒಳಗಿನಿಂದ ಗುಂಡು ಬಂತು. ಕಡಿದ ತಲೆಯನ್ನು ಶಹಜಹಾನ್‌ಪುರದ ಬ್ರಿಟಿಷ್ ಅಧಿಕಾರಿಗೆ ಒಪ್ಪಿಸಲಾಯಿತು. ಮೌಲವಿಯನ್ನು ಹಿಡಿದುಕೊಟ್ಟವರಿಗೆ ಬ್ರಿಟಿಷರು ಘೋಷಿಸಿದ್ದ ಬಹುಮಾನ 50,000 ರೂಪಾಯಿ. ಈ ಭಾಗವನ್ನು ದನಿ ಏರಿಸದೆ ಹೇಳಿ.

ಮನೆಗೆಲಸ: ಬಹುಮಾನ ಕೇಳಿ ರಾಜ ಬರೆದಿರಬಹುದಾದ ಪತ್ರ, ಒಂದು ಪುಟ. ಅವನ ಭಯ, ಲೆಕ್ಕಾಚಾರ ಎರಡೂ ಅದರಲ್ಲಿರಬೇಕು. ದ್ರೋಹಿ ಎಂದು ಬರೀ ಬೈದು ತಂದವರಿಗೆ ನಾನು ಅರ್ಧ ಅಂಕವನ್ನೇ ಕೊಡುವುದು.